ಗಾಯಕರ ಬಳಿ ಕಲಿತ ಕ್ಲಾರಿಯೋನೆಟ್

ಮದುವೆ ದಿಬ್ಬಣದ ಬ್ಯಾಂಡ್‌ಸೆಟ್‌ನಲ್ಲಿ ಸಿನಿಮಾ ಹಾಡು ನುಡಿಸುವ ಕಪ್ಪು ಕೊಳವೆ ಕ್ಲಾರಿಯೋನೆಟ್. ಸಿಂಧಘಟ್ಟದ ಆಸುಪಾಸಿನ ಮಕ್ಕಳಿಗೂ ಅದರ ದನಿ ಪರಿಚಿತವೇ. ಆದರೆ ಮಗ ಅದನ್ನು ಕಲಿಯುತ್ತೇನೆಂದರೆ ಎಷ್ಟು ಪಾಲಕರು ಒಪ್ಪಿಯಾರು? ಅದೇ ವಾದ್ಯವನ್ನು ಹಿಂದೂಸ್ತಾನಿ ಸಂಗೀತ ಕಚೇರಿಯ ವೇದಿಕೆಗೇರಿಸಿ, ಶಿಷ್ಯರನ್ನು ತಯಾರು ಮಾಡಿ, ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯ ಅಧ್ಯಕ್ಷರೂ ಆದವರು ಪಂಡಿತ್ ನರಸಿಂಹಲು ವಡವಾಟಿ.

ಅವರು ಹುಟ್ಟಿದ್ದು 1942ರಲ್ಲಿ, ರಾಯಚೂರು ಜಿಲ್ಲೆಯ ವಡವಾಟಿ ಗ್ರಾಮದಲ್ಲಿ. ಗುರುಗಳು ವಚನ ಗಾಯನಕ್ಕೆ ಹೆಸರಾದ ಸಿದ್ಧರಾಮ ಜಂಬಲದಿನ್ನಿ. ರಾಯಚೂರಿನ ರಂಗಮಂದಿರಕ್ಕೆ ಇವರದೇ ಹೆಸರಿದೆ. ಗುರು ಹಾಡುವವರು, ಶಿಷ್ಯ ಊದುವವರು! ಇದರಲ್ಲಿ ವಿಚಿತ್ರವೇನಿಲ್ಲ. ನಮ್ಮ ಸಂಗೀತದಲ್ಲಿ ವಾದ್ಯಕ್ಕೂ ಕಂಠವೇ ಮಾದರಿ. ಆದರೆ ಕ್ಲಾರಿಯೋನೆಟ್ಟನ್ನು ಹಾಡಿಸುವುದು ಸುಲಭವಲ್ಲ. ಅದಕ್ಕೆ ಕಾರಣ ಭೌತಶಾಸ್ತ್ರದಲ್ಲಿದೆ.

ಕೊಳಲು ಎರಡೂ ತುದಿ ತೆರೆದ ಕೊಳವೆಯಂತೆ ವರ್ತಿಸುತ್ತದೆ. ಕ್ಲಾರಿಯೋನೆಟ್ಟಿನಲ್ಲಿ ಒಂದು ಜಾತಿಯ ಹುಲ್ಲಿನಿಂದ ಮಾಡಿದ ರೀಡ್ ಇರುವ ತುದಿ, ಮುಚ್ಚಿದ ತುದಿಯಂತೆ ಕೆಲಸ ಮಾಡುತ್ತದೆ. ಆದ್ದರಿಂದ ಅಷ್ಟೇ ಉದ್ದದ ಕೊಳಲಿಗಿಂತ ಅದರ ಅತಿ ಕೆಳಗಿನ ಸ್ವರ ಸುಮಾರು ಒಂದು ಸಪ್ತಕ ತಗ್ಗು. ಕೊಳಲಿನಲ್ಲಿ ಉಸಿರು ಬಿಗಿಮಾಡಿದರೆ ಅದೇ ಬೆರಳಿಗೆ ‘ಸ’ ಹೋಗಿ ಮೇಲಿನ ‘ಸ’ ಬರುತ್ತದೆ. ಕ್ಲಾರಿಯೋನೆಟ್ಟಿನಲ್ಲಿ ಅದಕ್ಕೆಂದೇ ಇರುವ ಕೀಲಿ ಒತ್ತಿದರೆ ಸ್ವರ ಮೂರು ಪಟ್ಟು ಕಂಪನಾಂಕಕ್ಕೆ ಹಾರುತ್ತದೆ; ‘ಸ’ ಇದ್ದಲ್ಲಿ ಮೇಲಿನ ಸಪ್ತಕದ ‘ಪ’ ಕೇಳಿಸುತ್ತದೆ! ಹೀಗಾಗಿ ಪ್ರತಿ ಸಪ್ತಕಕ್ಕೂ ಬೆರಳಿನ ಲೆಕ್ಕ ಬೇರೆ.

ಇದು 1700ರ ಸುಮಾರಿಗೆ ಜರ್ಮನಿಯಲ್ಲಿ ರೂಪುಗೊಂಡ ವಾದ್ಯ. ಅದರ ಕೀಲಿಗಳು ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತಿಸುತ್ತವೆ. ನಮ್ಮ ರಾಗಕ್ಕೋ ಜಾರುವ ಮೀಂಡ್ ಬೇಕು. ತೆರೆದ ರಂಧ್ರಗಳ ಮೇಲಿನಿಂದ ಬೆರಳನ್ನು ನಿಧಾನವಾಗಿ ಸರಿಸಿ, ರೀಡಿನ ಮೇಲೆ ತುಟಿಯ ಒತ್ತಡ ಬದಲಿಸಿ ಅದನ್ನು ಪಡೆಯಬೇಕು. ಎಷ್ಟು ಸರಿಸಬೇಕೆಂದು ಹೇಳುವುದು ಕಿವಿ; ಆ ಕಿವಿಯನ್ನು ಪಳಗಿಸುವುದು ಗಾಯನ. ಕರ್ನಾಟಕ ಸಂಗೀತದಲ್ಲಿ ತಿರುಚಿರಾಪಳ್ಳಿಯ ಎ.ಕೆ.ಸಿ. ನಟರಾಜನ್ ಇದೇ ವಾದ್ಯದಲ್ಲಿ ಗಮಕ ನುಡಿಸಿ ಹೆಸರಾದರು.

ಕಲಿತವರೆಲ್ಲರೂ ಪಂಡಿತರಾಗುವುದಿಲ್ಲ, ನಿಜ. ಗಣಿತ ಓದಿದವರೆಲ್ಲರೂ ರಾಮಾನುಜನ್ ಆಗುವರೇ? ಪಾಲಕರೇ, ವಾದ್ಯ ಎಲ್ಲಿ ನುಡಿಯುತ್ತದೆ ಎಂಬುದರಿಂದ ಅದರ ಘನತೆಯನ್ನು ಅಳೆಯಬೇಡಿ. ವಿದ್ಯಾರ್ಥಿಗಳೇ, ಮುಂದಿನ ಮದುವೆಯಲ್ಲಿ ಬಿಡುವು ಸಿಕ್ಕಾಗ ಆ ಕಲಾವಿದರನ್ನು ವಿನಯದಿಂದ ಕೇಳಿ: ಮೇಲಿನ ‘ಸ’ಕ್ಕೆ ಬೆರಳು ಎಲ್ಲಿಡುತ್ತೀರಿ? ತೆರೆದ ಮತ್ತು ಮುಚ್ಚಿದ ಕೊಳವೆಗಳ ಪಾಠ ಅಲ್ಲೇ ಸಿಗುತ್ತದೆ.