ಹುಮನಾಬಾದಿನ ಸಂತೆಯೂ ಮಾಣಿಕನಗರದ ದರಬಾರೂ

ಹೈದರಾಬಾದಿನಿಂದ ಸೊಲ್ಲಾಪುರದತ್ತ ಸಾಗುವ ಹೆದ್ದಾರಿಯೂ ಬೀದರಿನಿಂದ ಕಲಬುರಗಿಗೆ ಹೋಗುವ ಹೆದ್ದಾರಿಯೂ ಹುಮನಾಬಾದಿನಲ್ಲಿ ಸಂಧಿಸುತ್ತವೆ. ಒಂದು ದಿಕ್ಕಿಗೆ ತೆಲಂಗಾಣ, ಇನ್ನೊಂದು ದಿಕ್ಕಿಗೆ ಮಹಾರಾಷ್ಟ್ರ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಇದು ಹೈದರಾಬಾದು ರಾಜ್ಯದ ನೆಲ. ಆದುದರಿಂದ ಇಲ್ಲಿಯ ಸಂತೆಯಲ್ಲಿ ಒಬ್ಬನೇ ವ್ಯಾಪಾರಿ ಕನ್ನಡದಲ್ಲಿ ಗಿರಾಕಿಯನ್ನು ಕರೆದು, ಉರ್ದುವಿನಲ್ಲಿ ಚೌಕಾಸಿ ಮಾಡಿ, ಮರಾಠಿಯಲ್ಲಿ ಲೆಕ್ಕ ಒಪ್ಪಿಸಿದರೆ ಯಾರಿಗೂ ಸೋಜಿಗವೆನಿಸದು.

ತೊಗರಿ, ಉದ್ದು, ಹೆಸರು ಮಾರಲು ಬರುವ ಒಕ್ಕಲಿಗನಿಗೂ ಅಡತಿ ಅಂಗಡಿಯವನಿಗೂ ಜಾತಿಮತ ಬೇರೆಯಾದರೂ ನಂಟು ಬೆಳೆಯುತ್ತದೆ. ಆ ನಂಟು ಸಾಲದ್ದೂ ಹೌದು, ನಂಬಿಕೆಯದೂ ಹೌದು. ಇದನ್ನೇ ಸೌಹಾರ್ದವೆಂದು ಹೊಗಳುವುದು ವೇದಿಕೆಯ ಭಾಷಣಗಳಲ್ಲಿ ರೂಢಿ. ನನಗೆ ಅಷ್ಟು ಅವಸರವಿಲ್ಲ. ಸ್ನೇಹವನ್ನು ಮೂರು ಬಗೆಯಾಗಿ ವಿಂಗಡಿಸಿದ ಅರಿಸ್ಟಾಟಲನು, ಪ್ರಯೋಜನಕ್ಕಾಗಿ ಹುಟ್ಟಿದ ಸ್ನೇಹವು ಪ್ರಯೋಜನ ತೀರಿದೊಡನೆ ಕಳಚಿಕೊಳ್ಳುತ್ತದೆಂದು ಎಚ್ಚರಿಸಿದ್ದಾನೆ. ಜೊತೆಯಲ್ಲಿ ಉಪ್ಪುಂಡ ಹೊರತು ಒಬ್ಬರನ್ನೊಬ್ಬರು ಅರಿಯಲಾಗದೆಂಬ ಗಾದೆಯನ್ನೂ ಅವನು ನೆನೆಯುತ್ತಾನೆ. (ಉಪ್ಪಿನ ಋಣ ನಮ್ಮವರಿಗೇನು ಹೊಸತೇ?)

ಪಟ್ಟಣದ ಪಕ್ಕದಲ್ಲೇ ಇರುವ ಮಾಣಿಕನಗರದಲ್ಲಿ ಕಾಣುವುದು ಬೇರೆಯೇ ಬಗೆ. 1817ರಲ್ಲಿ ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ಜನಿಸಿದ ಮಾಣಿಕ ಪ್ರಭುಗಳು 1865ರಲ್ಲಿ ಸಮಾಧಿಸ್ಥರಾಗುವವರೆಗೆ ನಡೆಸಿದ್ದು ದರಬಾರು. ಅದರ ಬಾಗಿಲು ವೈದಿಕನಿಗೂ ಫಕೀರನಿಗೂ ತೆರೆದಿತ್ತು. ಲಿಂಗಾಯತರು ಅವರಲ್ಲಿ ಬಸವಣ್ಣನನ್ನು ಕಂಡರು, ಮುಸಲ್ಮಾನರು ಮೆಹಬೂಬ್ ಸುಬಾನಿಯನ್ನು ಕಂಡರು. ಅವರು ಕಟ್ಟಿದ ಸಂಪ್ರದಾಯದ ಹೆಸರೇ ಸಕಲಮತ. ಕನ್ನಡ, ಮರಾಠಿ, ಹಿಂದಿಗಳಲ್ಲಿ ಪದಗಳನ್ನೂ ರಚಿಸಿದರು. ಅಂದರೆ ಸಂತೆಯ ಭಾಷೆಗಳೇ ಅಲ್ಲಿ ಹಾಡಾದವು. ಆದರೆ ಅಲ್ಲಿ ತಕ್ಕಡಿ ಇರಲಿಲ್ಲ. ಎಲ್ಲ ಮತಗಳೂ ಒಂದೇ ಎಂಬ ವಾದವನ್ನು ನಾನು ಒಪ್ಪಲಾರೆ. ಆದರೂ ಭಿನ್ನಮತದವನನ್ನು ಲಾಭವೆಣಿಸದೆ ಅತಿಥಿಯಾಗಿ ಕೂರಿಸಿಕೊಂಡ ಆ ದರಬಾರಿಗೆ ತಲೆಬಾಗುತ್ತೇನೆ.

ಈಗ ಸಂತೆಯ ಹಿಡಿತ ಸಡಿಲುತ್ತಿದೆ. ಧಾನ್ಯದ ದರ ಮೊಬೈಲಿನಲ್ಲೇ ತಿಳಿಯುತ್ತದೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗವೂ ತೆರೆಯಿತು. ಯುವಕರು ದುಡಿಮೆಗೆ ಹೈದರಾಬಾದು, ಪುಣೆಗಳತ್ತ ಮುಖ ಮಾಡಿದ್ದಾರೆ. ಅನುಕೂಲಗಳೇ ಇವೆಲ್ಲ, ಬೇಡವೆನ್ನಲಾದೀತೇ? ಆದರೆ ವ್ಯಾಪಾರಕ್ಕಾಗಿಯಾದರೂ ಮುಖ ನೋಡುತ್ತಿದ್ದವರು ಇನ್ನು ಎಲ್ಲಿ ಸೇರುವರು?

ಉಳಿದಿರುವುದು ಹಬ್ಬ, ಜಾತ್ರೆ. ಜನವರಿಯಲ್ಲಿ ವೀರಭದ್ರೇಶ್ವರನ ತೇರು ಎಳೆಯುತ್ತಾರೆ. ಮಾರ್ಗಶಿರ ಹುಣ್ಣಿಮೆಗೆ ಮಾಣಿಕನಗರದಲ್ಲಿ ದತ್ತ ಜಯಂತಿ. ಕಲಬುರಗಿ ಧರ್ಮಕ್ಷೇತ್ರ ರಚನೆಯಾದದ್ದು 2005ರಲ್ಲಿ, ಅದಕ್ಕಿಂತ ಬಹು ಮೊದಲೇ ಬೀದರ್ ಸೀಮೆಯಲ್ಲಿ ನೆಲೆಯೂರಿದ ಮೆಥೊಡಿಸ್ಟ್ ಸೋದರರ ಕ್ರಿಸ್ಮಸ್ಸೂ ಉಂಟು. 2023ರಲ್ಲಂತೂ ಕ್ರಿಸ್ಮಸ್ಸಿನ ಮರುದಿನವೇ ದತ್ತ ಜಯಂತಿ ಬಂದಿತ್ತು. ಅಂಥ ದಿನಗಳಲ್ಲಿ ಹೊಸಿಲಾಚೆಯಿಂದಲೇ ತಟ್ಟೆ ಕೊಟ್ಟು ಹಿಂದಿರುಗುವುದು ಸಾಲದು. ನಮ್ಮ ಕುಟುಂಬಗಳು ನೆರೆಮನೆಯೊಳಗೆ ಹೋಗಿ ಕುಳಿತು ಉಣ್ಣಲಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಲಿ.