ಯೋಹಾನಾನ್ ‘ಜಾನ್’ ಆದ, ಜಾನಕಿ ‘ಯಾನಕಿ’ ಆದಳು

ಯುಗಾದಿಯಂದು ಸ್ಟುಟ್‌ಗಾರ್ಟ್‌ನಿಂದ ಧಾರವಾಡಕ್ಕೆ ವಿಡಿಯೊ ಕರೆ ಮಾಡಿದ್ದೆವು. ನಾಲ್ಕು ವರ್ಷದ ಮಗಳು ಅಜ್ಜಿಗೆ ತನ್ನ ಹೆಸರು ‘ಯಾನಕಿ’ ಎಂದಳು. ಅವ್ವನ ಮುಖ ಸಪ್ಪಗಾಯಿತು. “ಯಾನಕಿ ಅಂದ್ರ ಯಾರವಾ? ನಮ್ಮವ್ವನ ಹೆಸರ ಕೆಡಿಸಿಬಿಟ್ರೇನ ಅಲ್ಲಿ?”

ಪಾಸ್‌ಪೋರ್ಟಿನಲ್ಲಿ ಮಗಳ ಹೆಸರು ‘ಜೆ’ ಅಕ್ಷರದಿಂದ ಆರಂಭವಾಗುತ್ತದೆ. ಜರ್ಮನರು ಅದನ್ನು ‘ಯ’ ಎಂದೇ ಓದುತ್ತಾರೆ. ಅವಳ ಕಿಂಡರ್‌ಗಾರ್ಟನ್ನಿನ ‘ಯಾಕೊಬ್’ನನ್ನು ಅವನ ಅಮೆರಿಕನ್ ತಂದೆ ಕರೆಯುವುದು ‘ಜೇಕಬ್’ ಎಂದು. ಈ ಗೊಂದಲದ ಬೇರು ಬಲು ಹಳೆಯದು.

ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಯೆಹೂದ್ಯರ ಧರ್ಮಗ್ರಂಥಗಳು ಗ್ರೀಕ್ ಭಾಷೆಗೆ ಅನುವಾದಗೊಳ್ಳತೊಡಗಿದವು. ಗ್ರೀಕ್ ಲಿಪಿಯಲ್ಲಿ ‘ಶ’ಕಾರವಿಲ್ಲ; ಪುರುಷನಾಮಗಳ ಕೊನೆಗೆ ‘ಸ್’ ಸೇರುವುದು ಅಲ್ಲಿಯ ರೂಢಿ. ಹೀಗಾಗಿ ಹೀಬ್ರೂವಿನ ಯೇಶುವಾ ‘ಯೇಸೂಸ್’ ಆದ; ಯೋಹಾನಾನ್ ನಡುವಿನ ಹಕಾರವನ್ನೂ ಕಳೆದುಕೊಂಡು ‘ಇಯೋಆನ್ನೇಸ್’ ಆದ. ಲ್ಯಾಟಿನ್ ಈ ಗ್ರೀಕ್ ರೂಪಗಳನ್ನೇ ಸ್ವೀಕರಿಸಿತು. ಸುಮಾರು 400ರ ಹೊತ್ತಿಗೆ ಹೀಬ್ರೂ ಬಲ್ಲ ಜೆರೋಮ್ ಮೂಲದಿಂದಲೇ ಅನುವಾದಿಸಿದರೂ, ಜನರ ಬಾಯಲ್ಲಿ ನೆಲೆಸಿದ್ದ ಹೆಸರುಗಳನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡ.

ಲ್ಯಾಟಿನ್ನಿನಲ್ಲಿ ‘ಐ’ ಎಂಬ ಒಂದೇ ಅಕ್ಷರ ‘ಇ’ ಸ್ವರಕ್ಕೂ ‘ಯ’ ವ್ಯಂಜನಕ್ಕೂ ಸಲ್ಲುತ್ತಿತ್ತು. ಅದಕ್ಕೆ ಬಾಲ ಬಂದು ‘ಜೆ’ ಬೇರೆ ಅಕ್ಷರವಾದದ್ದು ಬಹಳ ತಡವಾಗಿ. ಅಷ್ಟರಲ್ಲಿ ಹಳೆಯ ಫ್ರೆಂಚ್‌ನಲ್ಲಿ ಪದಾದಿಯ ‘ಯ’ ‘ಜ’ ಆಗಿಹೋಗಿತ್ತು. ಇಂಗ್ಲಿಷಿಗೆ ‘ಜಾನ್’ ಬಂದದ್ದು ಆ ದಾರಿಯಿಂದ. ಇಟಲಿಯಲ್ಲಿ ಜೊವಾನ್ನಿ, ಸ್ಪೇನಿನಲ್ಲಿ ಹ್ವಾನ್. ರಷ್ಯನ್ನರ ಇವಾನ್ ಲ್ಯಾಟಿನ್ನಿನ ಹಂಗಿಲ್ಲದೆ ಗ್ರೀಕ್ ಮೂಲದಿಂದ ಹೊರಟವನು. ಜರ್ಮನ್ನರು ಮಾತ್ರ ‘ಯೊಹಾನೆಸ್’ ಎಂದು ಹಳೆಯ ‘ಯ’ವನ್ನು ಕಾಪಾಡಿಕೊಂಡರು. (ನಮ್ಮ ಕನ್ನಡ ಬೈಬಲ್ಲಿನ ಮೋಶೆ, ಯೆಹೋಶುವ ಎಂಬ ಹೆಸರುಗಳಲ್ಲಿ ಗ್ರೀಕರು ಕಳೆದ ‘ಶ’ಕಾರ ಸುರಕ್ಷಿತವಾಗಿದೆ ಎಂಬುದು ನನಗೆ ವಿಶೇಷ ಸಂತೋಷದ ಸಂಗತಿ.) ಯೋಹಾನಾನನ ‘ಯ’ವನ್ನು ಉಳಿಸಿದ ಅದೇ ಓದು ನನ್ನ ಮಗಳ ‘ಜ’ವನ್ನು ನುಂಗಿತ್ತು.

ಜರ್ಮನ್ನಿನಲ್ಲಿ ‘ಜ’ ಬರೆಯಲು ‘ಜಂಗಲ್’ ಪದದಲ್ಲಿರುವಂತೆ ನಾಲ್ಕು ಅಕ್ಷರಗಳು ಬೇಕು. ಆದರೆ ಪಾಸ್‌ಪೋರ್ಟಿನ ಕಾಗುಣಿತವೇ ಎಲ್ಲ ದಾಖಲೆಗಳಿಗೂ ಹೋಗಿಯಾಗಿತ್ತು. ಇಲ್ಲಿಗೆ ಬರಲಿರುವ ತಂದೆತಾಯಂದಿರು ಮಗುವಿನ ಹೆಸರನ್ನು ಮೊದಲೇ ಒಮ್ಮೆ ಜರ್ಮನ್ ಬಾಯಲ್ಲಿ ಹೇಳಿಸಿ ನೋಡುವುದು ಒಳ್ಳೆಯದು.

ಮರುವಾರ ಶಿಕ್ಷಕಿಗೆ ‘ಜಂಗಲ್’ನ ಉದಾಹರಣೆ ಕೊಟ್ಟು ವಿವರಿಸಿದೆ. ಆಕೆ ಎರಡು ಬಾರಿ ತೊದಲಿ, ಮೂರನೆಯ ಬಾರಿ ಬಾಯ್ತುಂಬ ‘ಜಾನಕಿ’ ಎಂದು ಕರೆದರು. ಮಗಳು ತಿರುಗಿ ನೋಡಲಿಲ್ಲ.