ನಿಮಗಿದು ಗೊತ್ತೇ? ಸಮವಸ್ತ್ರ ಕಳಚಿಟ್ಟ ಮೇಲೆ

ನ್ಯೂಯಾರ್ಕ್ ನಗರಾಡಳಿತದಲ್ಲಿ ಮಾಜಿ ಸೈನಿಕರಿಗೆಂದೇ ಒಂದು ಇಲಾಖೆಯಿದೆ, ಗೊತ್ತೇ? ಕಸ ಎತ್ತುವುದಕ್ಕೆ, ಬೆಂಕಿ ಆರಿಸುವುದಕ್ಕೆ, ಉದ್ಯಾನ ನೋಡಿಕೊಳ್ಳುವುದಕ್ಕೆ ಇಲಾಖೆಗಳಿರುವಂತೆ ಇದೂ ಒಂದು. ಅದಕ್ಕೊಬ್ಬ ಕಮಿಷನರ್, ಅದಕ್ಕೇ ಬೇರೆ ಬಜೆಟ್. ಅಮೆರಿಕದ ದೊಡ್ಡ ನಗರಗಳ ಪೈಕಿ ಇಂಥ ಸ್ವತಂತ್ರ ಇಲಾಖೆ ಕಟ್ಟಿದ್ದರಲ್ಲಿ ನ್ಯೂಯಾರ್ಕೇ ಮೊದಲು.

ಅದು ಸುಲಭಕ್ಕೆ ಆದದ್ದಲ್ಲ. ಮೊದಲು ಮೇಯರ್ ಕಚೇರಿಯ ಅಡಿಯಲ್ಲಿ ಬೆರಳೆಣಿಕೆಯ ಸಿಬ್ಬಂದಿಯ ಪುಟ್ಟ ವಿಭಾಗವೊಂದಿತ್ತು. ಊರಲ್ಲಿದ್ದ ಮಾಜಿ ಸೈನಿಕರೋ ಸುಮಾರು ಎರಡು ಲಕ್ಷ! ಕ್ವೀನ್ಸ್ ಕಡೆಯ ಕೌನ್ಸಿಲ್ ಸದಸ್ಯ ಎರಿಕ್ ಉಲ್ರಿಚ್ ಪ್ರತ್ಯೇಕ ಇಲಾಖೆಗೆ ಮಸೂದೆ ತಂದಾಗ ಮೇಯರ್ ಬಿಲ್ ಡಿ ಬ್ಲಾಸಿಯೊ ಅವರ ಆಡಳಿತ ಒಪ್ಪಲಿಲ್ಲ. ಮಾಜಿ ಸೈನಿಕರ ಸಂಘಗಳು ಪಟ್ಟು ಬಿಡಲಿಲ್ಲ. ಕೊನೆಗೆ 2015ರ ಡಿಸೆಂಬರಿನಲ್ಲಿ ಅದೇ ಮೇಯರ್ ಸಹಿ ಹಾಕಿದರು. ಮೊದಲ ಕಮಿಷನರ್ ಆದವರು ಲೋರಿ ಸಟನ್. ಸೇನೆಯಿಂದ ನಿವೃತ್ತರಾದ ಬ್ರಿಗೇಡಿಯರ್ ಜನರಲ್, ವೃತ್ತಿಯಿಂದ ಮನೋವೈದ್ಯೆ.

ಪಿಂಚಣಿ, ಆಸ್ಪತ್ರೆ, ಓದಿನ ಖರ್ಚು ಎಲ್ಲ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದ ಲೆಕ್ಕ ತಾನೆ, ನಗರಾಡಳಿತಕ್ಕೆ ಇದರಲ್ಲೇನು ಕೆಲಸ ಎಂದು ನೀವು ಕೇಳಬಹುದು. ಬಾಡಿಗೆ ಮನೆ, ಮನೆ ಕಂದಾಯ, ತಳ್ಳುಗಾಡಿಯ ಪರವಾನಗಿ, ಊರಿನ ಕೋರ್ಟು ಇವೆಲ್ಲ ಯಾರ ಕೈಯಲ್ಲಿವೆ ಹೇಳಿ. ಯುದ್ಧಕ್ಕೆ ಕಳಿಸುವುದು ದೇಶ. ತಿರುಗಿ ಬಂದವನು ಬಾಳಬೇಕಾದದ್ದು ಊರಿನಲ್ಲಿ.

ತಳ್ಳುಗಾಡಿಯ ಮಾತು ಬಂತಲ್ಲ, ಅದರದೇ ಒಂದು ದೊಡ್ಡ ಕಥೆ. ನ್ಯೂಯಾರ್ಕಿನ ಫುಟ್‌ಪಾತಿನಲ್ಲಿ ಟೋಪಿ, ಛತ್ರಿ, ಬ್ಯಾಗು ಮಾರುವವರ ಪರವಾನಗಿಗೆ 1979ರಲ್ಲಿ ನಗರಾಡಳಿತ 853 ಎಂಬ ಮಿತಿ ಹಾಕಿತು. ಅರ್ಜಿದಾರರ ಸಾಲು ಬೆಳೆದೂ ಬೆಳೆದೂ, ಕಾಯುವವರ ಪಟ್ಟಿಗೆ ಹೊಸ ಹೆಸರು ಸೇರಿಸಿಕೊಳ್ಳುವುದನ್ನೇ ವರ್ಷಗಟ್ಟಲೆ ನಿಲ್ಲಿಸಿದ್ದರು. ಆದರೆ ಮಾಜಿ ಸೈನಿಕರಿಗೆ ಆ ಮಿತಿ ತಟ್ಟಲಿಲ್ಲ. ಕಾರಣ, 1894ರ ಒಂದು ರಾಜ್ಯ ಕಾನೂನು. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡು ಬಂದವರು ಬೀದಿಯಲ್ಲಿ ಮಾರಾಟ ಮಾಡಿಯಾದರೂ ಹೊಟ್ಟೆ ಹೊರೆದುಕೊಳ್ಳಲಿ ಎಂದು ಮಾಡಿದ ಕಾನೂನು ಅದು. ಆ ಯುದ್ಧ ಮಾಡಿದವರೆಲ್ಲ ಎಂದೋ ಮಣ್ಣಾದರು. ಕಾನೂನು ಮಾತ್ರ ವಿಯೆಟ್ನಾಂ, ಇರಾಕ್, ಅಫ್ಘಾನಿಸ್ತಾನದಿಂದ ಬಂದವರಿಗೂ ಅನ್ನ ಹಾಕುತ್ತಿದೆ. ಯುದ್ಧದಲ್ಲಿ ಅಂಗವಿಕಲರಾದವರಿಗಂತೂ ಬೇರೆಯವರು ಕಾಲಿಡಲಾಗದ ಮಿಡ್‌ಟೌನ್ ಬೀದಿಗಳಲ್ಲೂ ಜಾಗ ಸಿಗುತ್ತದೆ, ರಸ್ತೆಯ ಒಂದು ಪಕ್ಕದ ಒಂದು ತುಂಡಿಗೆ ಒಬ್ಬರಂತೆ.

ಮೆಟ್ರೊಪಾಲಿಟನ್ ಕಲಾ ವಸ್ತುಸಂಗ್ರಹಾಲಯದ ಮೆಟ್ಟಿಲ ಮುಂದೆ ಹಾಟ್‌ಡಾಗ್ ಗಾಡಿ ನಿಲ್ಲಿಸುವ ಹಕ್ಕಿಗೆ ವ್ಯಾಪಾರಿಗಳು ಉದ್ಯಾನ ಇಲಾಖೆಗೆ ವರ್ಷಕ್ಕೆ ಲಕ್ಷಗಟ್ಟಲೆ ಡಾಲರ್ ಕಟ್ಟುತ್ತಿದ್ದರು. ಅಂಗವಿಕಲ ಮಾಜಿ ಸೈನಿಕರು ಆ ಹಳೇ ಕಾನೂನನ್ನು ಹಿಡಿದುಕೊಂಡು, ಬಿಡಿಗಾಸೂ ಬಾಡಿಗೆ ಕೊಡದೆ ಅಲ್ಲಿಯೇ ಗಾಡಿ ತಂದು ನಿಲ್ಲಿಸಿದರು. ಅಧಿಕಾರಿಗಳಿಗೂ ಅವರಿಗೂ ವರ್ಷಾನುಗಟ್ಟಲೆ ಜಟಾಪಟಿ ನಡೆಯಿತು. ಇನ್ನೊಂದು ತಮಾಷೆ ನೋಡಿ: ಗಾಡಿ ಯಾರದೋ, ದುಡಿಮೆ ಯಾರದೋ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಯೋಧ ಮಾತ್ರ ಪರವಾನಗಿಯ ಒಡೆಯ ಎಂಬ ವ್ಯವಸ್ಥೆಯೂ ಹುಟ್ಟಿಕೊಂಡಿತು. ಬೇನಾಮಿ ವ್ಯವಹಾರವೇನು ನಮ್ಮೊಬ್ಬರ ಸ್ವತ್ತೇ!

ಎಲ್ಲ ಸೈನಿಕರನ್ನೂ ನ್ಯೂಯಾರ್ಕ್ ಒಂದೇ ಕಣ್ಣಿನಿಂದ ನೋಡಿತೇ? ಇಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಊರಲ್ಲಿ ಮನೆಗೆ ಬರಗಾಲ. ಮ್ಯಾನ್‌ಹಟನ್ನಿನ ಪೂರ್ವ ದಂಡೆಯ ಒಂದು ಹಳೆಯ ಬಡಾವಣೆಯನ್ನು ನಗರಾಡಳಿತ ನೆಲಸಮ ಮಾಡಿಸಿ, ಸುಮಾರು 11,000 ಜನರನ್ನು ಎಬ್ಬಿಸಿ, ಆ ಜಾಗವನ್ನು ಮೆಟ್ರೊಪಾಲಿಟನ್ ಲೈಫ್ ವಿಮಾ ಕಂಪನಿಗೆ ಕೊಟ್ಟಿತು. ಜೊತೆಗೆ 25 ವರ್ಷ ತೆರಿಗೆ ರಿಯಾಯಿತಿ. ಎದ್ದು ನಿಂತದ್ದು ಸ್ಟೈವೆಸೆಂಟ್ ಟೌನ್ ಎಂಬ ಇಟ್ಟಿಗೆ ಬಣ್ಣದ ಭಾರೀ ವಸತಿ ಸಮುಚ್ಚಯ. 1947ರ ಆಗಸ್ಟಿನಲ್ಲಿ ಮೊದಲ ಬಾಡಿಗೆದಾರರು ಬಂದರು. ಯುದ್ಧದಿಂದ ಮರಳಿದವರಿಗೆ ಆದ್ಯತೆ. ಆದರೆ ಯೋಧ ಬಿಳಿಯನಾಗಿರಬೇಕು!

ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದ ಆಫ್ರಿಕನ್ ಅಮೆರಿಕನ್ ಜೋಸೆಫ್ ಡಾರ್ಸಿ ಅರ್ಜಿ ಹಾಕಿದರು, ಮನೆ ಸಿಗಲಿಲ್ಲ. ಕೋರ್ಟಿಗೆ ಹೋದರು. ಸಾರ್ವಜನಿಕ ತೆರಿಗೆಯ ನೆರವಿನಿಂದ ಕಟ್ಟಿದ ಮನೆಯಲ್ಲಿ ಬಣ್ಣ ನೋಡುವುದು ಸರಿಯೇ ಎಂಬುದು ಅವರ ಪ್ರಶ್ನೆ. 1949ರಲ್ಲಿ ರಾಜ್ಯದ ಉಚ್ಚ ನ್ಯಾಯಪೀಠ ನಾಲ್ಕಕ್ಕೆ ಮೂರರ ಬಹುಮತದಲ್ಲಿ, ಇದು ಖಾಸಗಿ ಕಂಪನಿಯ ವಿಷಯ ಎಂದು ಕೈ ತೊಳೆದುಕೊಂಡಿತು. ಡಾರ್ಸಿ ಸೋತರು. ಆದರೆ ಸಮುಚ್ಚಯದ ಒಳಗಿದ್ದ ಬಿಳಿಯ ಬಾಡಿಗೆದಾರರೇ, ಅವರಲ್ಲಿ ಎಷ್ಟೋ ಜನ ಮಾಜಿ ಸೈನಿಕರು, ಕಂಪನಿಯ ವಿರುದ್ಧ ಸಮಿತಿ ಕಟ್ಟಿದರು. 1951ರಲ್ಲಿ ಸಿಟಿ ಕೌನ್ಸಿಲ್ ಬ್ರೌನ್–ಐಸಾಕ್ಸ್ ಕಾನೂನು ತಂದು, ನಗರದ ತೆರಿಗೆ ರಿಯಾಯಿತಿ ಪಡೆದ ವಸತಿಗಳಲ್ಲಿ ವರ್ಣಭೇದವನ್ನು ನಿಷೇಧಿಸಿತು. ಕೋರ್ಟಿನಲ್ಲಿ ಆಗದ್ದನ್ನು ಸ್ಥಳೀಯ ಕಾನೂನು ಮಾಡಿತು. ನಗರಗಳು ಯೋಧರಿಗೆ ಏನು ಮಾಡಿವೆ ಎಂಬ ಪಟ್ಟಿಯಲ್ಲಿ ನನ್ನ ಮಟ್ಟಿಗೆ ಇದು ಯಾವ ಮೆರವಣಿಗೆಗಿಂತಲೂ ದೊಡ್ಡದು.

ಅದೇ ಕಾಲದಲ್ಲಿ ಲಾಸ್ ಏಂಜಲೀಸ್ ಏನು ಮಾಡಿತು ಗೊತ್ತೇ? 1946ರಲ್ಲಿ ಗ್ರಿಫಿತ್ ಪಾರ್ಕಿನೊಳಗೆ ಅರ್ಧ ಪೀಪಾಯಿಯಾಕಾರದ ಸುಮಾರು 750 ತಗಡಿನ ಗುಡಾರಗಳನ್ನು ಹಾಕಿಸಿ, ಒಂದೊಂದನ್ನು ಎರಡು ಭಾಗ ಮಾಡಿ, ಸುಮಾರು 1,500 ಸಂಸಾರಗಳಿಗೆ ಕೊಟ್ಟಿತು. ರಾಜರ್ ಯಂಗ್ ವಿಲೇಜ್ ಎಂದು ಅದಕ್ಕೆ ಹೆಸರು. ಬಿಳಿಯರು, ಕರಿಯರು, ಮೆಕ್ಸಿಕೊ ಮೂಲದವರು, ಜಪಾನೀ ಮೂಲದವರು ಎಲ್ಲ ಒಂದೇ ಸಾಲಿನಲ್ಲಿ. ಮನೆಗಳ ಬರ ತೀರುವತನಕದ ತಾತ್ಕಾಲಿಕ ಏರ್ಪಾಡು. 50ರ ದಶಕದ ನಡುವೆ ಕಿತ್ತು ಹಾಕಿದರು.

ಮನೆಯಿಂದ ಕೋರ್ಟಿಗೆ ಬರೋಣ. ಬಫಲೊ ನಗರದ ನ್ಯಾಯಾಧೀಶ ರಾಬರ್ಟ್ ರಸೆಲ್ ಅವರ ಮುಂದೆ 2006ರಲ್ಲಿ ವಿಯೆಟ್ನಾಂ ಯುದ್ಧದ ಮಾಜಿ ಸೈನಿಕನೊಬ್ಬ ನಿಂತಿದ್ದ. ತಲೆ ತಗ್ಗಿಸಿ, ಭುಜ ಇಳಿಬಿಟ್ಟು, ಯಾವ ಪ್ರಶ್ನೆಗೂ ಸರಿಯಾಗಿ ಬಾಯಿ ಬಿಡುತ್ತಿಲ್ಲ. ಕೊಡಿಸಿದ ಚಿಕಿತ್ಸೆಯಿಂದಲೂ ಗುಣ ಕಾಣುತ್ತಿಲ್ಲ. ಅಲ್ಲಿಯೇ ಇದ್ದ ಇಬ್ಬರು ಹಳೆಯ ವಿಯೆಟ್ನಾಂ ಯೋಧರಿಗೆ ನ್ಯಾಯಾಧೀಶರು, ಇವನನ್ನು ಹೊರಗೆ ಕರೆದುಕೊಂಡು ಹೋಗಿ ಸ್ವಲ್ಪ ಮಾತಾಡಿಸಿ ಎಂದರು. ಮೂವರೂ ವರಾಂಡಕ್ಕೆ ಹೋದರು. ತಿರುಗಿ ಬಂದಾಗ ಆ ಮನುಷ್ಯ ಕವಾಯತಿನಲ್ಲಿ ವಿಶ್ರಾಮ್ ಹೇಳಿದಾಗ ನಿಲ್ಲುವಂತೆ ಕೈ ಹಿಂದೆ ಕಟ್ಟಿ ನೆಟ್ಟಗೆ ನಿಂತ. ನ್ಯಾಯಾಧೀಶರ ಕಣ್ಣನ್ನೇ ನೋಡುತ್ತ, ಇನ್ನು ಮೇಲೆ ಪ್ರಯತ್ನಪಡುತ್ತೇನೆಂದ.

ಆ ಅನುಭವದ ಬೆನ್ನಿಗೇ 2008ರ ಜನವರಿಯಲ್ಲಿ ಅಮೆರಿಕದ ಮೊದಲ ಮಾಜಿ ಸೈನಿಕರ ಚಿಕಿತ್ಸಾ ನ್ಯಾಯಾಲಯ ಬಫಲೊದಲ್ಲೇ ಶುರುವಾಯಿತು. ಕುಡಿತ, ಮಾದಕ ವಸ್ತು, ಮನೋವ್ಯಾಧಿಯ ಕಾರಣಕ್ಕೆ ತಪ್ಪು ಮಾಡಿ ಸಿಕ್ಕಿಬಿದ್ದ ಯೋಧ ಜೈಲಿನ ಬದಲು ಚಿಕಿತ್ಸೆಗೆ ಹೋಗುತ್ತಾನೆ. ಜೊತೆಗೆ ಸೇನೆಯಲ್ಲಿದ್ದು ಬಂದ ಒಬ್ಬ ಸ್ವಯಂಸೇವಕ ನಿಲ್ಲುತ್ತಾನೆ. ಕಾರ್ಯಕ್ರಮವನ್ನು ನೆಟ್ಟಗೆ ಮುಗಿಸಿದರೆ ಆರೋಪ ರದ್ದಾಗಬಹುದು ಇಲ್ಲವೇ ಹಗುರವಾಗಬಹುದು. ಈಗ ಆ ದೇಶದಲ್ಲಿ ಇಂಥ ನೂರಾರು ನ್ಯಾಯಾಲಯಗಳಿವೆ.

ಬೀದಿಯಲ್ಲಿ ಮಲಗುವ ಯೋಧರೇ ಇರದ ಊರು ಸಾಧ್ಯವೇ? 2014ರಲ್ಲಿ ಮಿಷೆಲ್ ಒಬಾಮಾ ಅಮೆರಿಕದ ಮೇಯರುಗಳಿಗೆ ಸವಾಲು ಹಾಕಿದರು. 2015ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್ ಮೇಯರ್ ಮಿಚ್ ಲ್ಯಾಂಡ್ರೂ, 227 ಜನರಿಗೆ ಸೂರು ಕೊಡಿಸಿದ್ದೇವೆ, ನಾವೇ ಮೊದಲು ಎಂದು ಘೋಷಿಸಿದರು. ಹಾಗೆಂದು ಇನ್ನು ಯಾರೂ ಬೀದಿಗೆ ಬೀಳುವುದೇ ಇಲ್ಲವೆಂದಲ್ಲ. ಬಿದ್ದವರಿಗೆ ಸುಮಾರು ಒಂದು ತಿಂಗಳೊಳಗೆ ಮನೆ ಹುಡುಕಿಕೊಡುವ ವ್ಯವಸ್ಥೆ ಸಿದ್ಧವಾಯಿತೆಂದು ಅದರ ಅರ್ಥ. ಮೇಯರುಗಳ ಘೋಷಣೆಯನ್ನು ಸ್ವಲ್ಪ ಸೋಸಿಯೇ ಕುಡಿಯಬೇಕು.

ಇನ್ನು ಕೆಲವು ಚುಟುಕು.

ನ್ಯೂಯಾರ್ಕಿನ ಸರ್ಕಾರಿ ನೌಕರಿ ಪರೀಕ್ಷೆಯಲ್ಲಿ ಪಾಸಾದ, ಯುದ್ಧಕಾಲದಲ್ಲಿ ಸೇವೆ ಸಲ್ಲಿಸಿದವರಿಗೆ 5 ಅಂಕ ಹೆಚ್ಚುವರಿ, ಅಂಗವಿಕಲರಾದವರಿಗೆ 10. ಬಡ್ತಿ ಪರೀಕ್ಷೆಗಾದರೆ ಇದರ ಅರ್ಧ. ರಾಜ್ಯದ ಸಂವಿಧಾನದಲ್ಲೇ ಬರೆದ ಮಾತಿದು, ನಗರದ ನೌಕರಿಗೂ ಅನ್ವಯ. ಫೇಲಾದವರನ್ನು ಈ ಅಂಕ ಎತ್ತುವುದಿಲ್ಲ.

ಅಲ್ಲಿ ಮನೆ ಕಂದಾಯ ಹಾಕುವಾಗ ಯುದ್ಧಕಾಲದ ಸೇವೆಗೆ ಮನೆಯ ಮೌಲ್ಯದಲ್ಲಿ ಶೇ. 15 ವಿನಾಯಿತಿ, ರಣರಂಗಕ್ಕೇ ಹೋಗಿದ್ದರೆ ಇನ್ನೂ ಶೇ. 10, ಅಂಗವೈಕಲ್ಯವಿದ್ದರೆ ಅದರ ಪ್ರಮಾಣದ ಅರ್ಧ. ರಣರಂಗ ಕಂಡು ಶೇ. 40 ವೈಕಲ್ಯದೊಂದಿಗೆ ಬಂದವನಿಗೆ 15, 10, 20 ಕೂಡಿ ಶೇ. 45. ಇದು ರಾಜ್ಯದ ಕಾನೂನು. ಗರಿಷ್ಠ ಮೊತ್ತವೆಷ್ಟು ಎಂಬುದು ಮಾತ್ರ ಸ್ಥಳೀಯ ಆಡಳಿತದ ಕೈಯಲ್ಲಿದೆ.

ನ್ಯೂಯಾರ್ಕ್ ನಗರ ಕೊಡುವ ಗುರುತಿನ ಚೀಟಿಯ ಮೇಲೆ ಮಾಜಿ ಸೈನಿಕ ಎಂದು ಮುದ್ರಿಸಿಕೊಳ್ಳಬಹುದು. 2017ರಿಂದ ನಗರದ ಮಾನವ ಹಕ್ಕುಗಳ ಕಾನೂನಿನಲ್ಲಿ ಸೇನಾ ಸೇವೆಯೂ ಸೇರಿದೆ. ಮಿಲಿಟರಿಯವನು, ತಲೆ ಕೆಟ್ಟಿರಬಹುದು ಎಂಬ ಗುಮಾನಿಯಿಂದ ಮನೆ ಮಾಲೀಕನಾಗಲಿ ಕಂಪನಿಯಾಗಲಿ ಬಾಗಿಲು ಮುಚ್ಚಿದರೆ ನಗರದ ಆಯೋಗಕ್ಕೆ ದೂರು ಕೊಡಬಹುದು.

ಮ್ಯಾಸಚೂಸೆಟ್ಸ್ ರಾಜ್ಯ ಇದಕ್ಕೂ ಒಂದು ಹೆಜ್ಜೆ ಮುಂದೆ. ಅಲ್ಲಿನ ಪ್ರತಿ ನಗರ, ಪ್ರತಿ ಪಟ್ಟಣದ ಆಡಳಿತವೂ ಮಾಜಿ ಸೈನಿಕರ ಕೆಲಸ ನೋಡಿಕೊಳ್ಳಲು ಅಧಿಕಾರಿಯನ್ನು ಇಟ್ಟುಕೊಳ್ಳಲೇಬೇಕು. ಪುಟ್ಟ ಪಟ್ಟಣಗಳು ನಾಲ್ಕಾರು ಸೇರಿ ಒಬ್ಬರನ್ನು ಹಂಚಿಕೊಳ್ಳುವುದುಂಟು. ಕಷ್ಟದಲ್ಲಿರುವ ಯೋಧರಿಗೆ ಊರೇ ನೇರವಾಗಿ ಹಣ ಕೊಡುತ್ತದೆ, ಅದರಲ್ಲಿ ಶೇ. 75ನ್ನು ರಾಜ್ಯ ಆಮೇಲೆ ತುಂಬಿಕೊಡುತ್ತದೆ. ಇದರ ಬೇರು 1861ರಷ್ಟು ಹಿಂದಿನದು. ಗಂಡಸರು ಅಂತರ್ಯುದ್ಧಕ್ಕೆ ಹೋದಾಗ ಮನೆಯವರ ಊಟದ ಹೊಣೆಯನ್ನು ಊರು ಹೊತ್ತ ಪದ್ಧತಿಯಿದು.

ಇಂಗ್ಲೆಂಡಿನಲ್ಲಿ ಕೌನ್ಸಿಲ್ ಮನೆ ಬೇಕಾದರೆ ಸಾಮಾನ್ಯವಾಗಿ ಆ ಊರಿನ ನಂಟು ತೋರಿಸಬೇಕು. ಇಪ್ಪತ್ತು ವರ್ಷ ಊರೂರು ಸುತ್ತಿದ ಸೈನಿಕ ಯಾವ ಊರಿನವನು? 2012ರ ನಿಯಮದಂತೆ, ಸೇನೆ ಬಿಟ್ಟು ಐದು ವರ್ಷದೊಳಗೆ ಅರ್ಜಿ ಹಾಕಿದವರನ್ನು ಈ ಪ್ರಶ್ನೆ ಕೇಳುವಂತಿರಲಿಲ್ಲ; ಆ ಐದು ವರ್ಷದ ಮಿತಿಯನ್ನೂ ಆಮೇಲೆ ತೆಗೆದುಹಾಕಿದರು.

ವಿಯೆಟ್ನಾಂ ಯುದ್ಧ ಮುಗಿದು ಹತ್ತು ವರ್ಷವಾದರೂ ಆ ಯೋಧರಿಗೆ ನ್ಯೂಯಾರ್ಕಿನಲ್ಲಿ ಸರಿಯಾದ ಸ್ವಾಗತ ಸಿಕ್ಕಿರಲಿಲ್ಲ. 1985ರ ಮೇ ತಿಂಗಳಲ್ಲಿ, ಎಡ್ ಕಾಚ್ ಮೇಯರ್ ಆಗಿದ್ದಾಗ, ನಗರ ಅವರಿಗೆ ಕಾಗದದ ಚೂರು ಸುರಿವ ಭರ್ಜರಿ ಮೆರವಣಿಗೆ ಮಾಡಿತು. ವಾಟರ್ ಸ್ಟ್ರೀಟಿನಲ್ಲಿ ಗಾಜಿನ ಇಟ್ಟಿಗೆಯ ಗೋಡೆಯೊಂದನ್ನೂ ಎಬ್ಬಿಸಿತು. ಅದರ ಮೇಲೆ ಕೆತ್ತಿರುವುದು ಯುದ್ಧಭೂಮಿಯಿಂದ ಹುಡುಗರು ಮನೆಗೆ ಬರೆದ ಕಾಗದಗಳ ಸಾಲುಗಳು.

ಕೊನೆಗೊಂದು ಕಾಗದದ ಸಂಗತಿ. ಮೇಲೆ ಹೇಳಿದ ಅಮೆರಿಕದ ಸೌಲಭ್ಯಗಳಲ್ಲಿ ಹೆಚ್ಚಿನವಕ್ಕೆ ಡಿಡಿ-214 ಎಂಬ ಬಿಡುಗಡೆ ಪತ್ರ ಬೇಕೇಬೇಕು. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಬಳಿಯ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1.6 ಕೋಟಿಯಿಂದ 1.8 ಕೋಟಿಯಷ್ಟು ಸೇನಾ ಕಡತಗಳು ಸುಟ್ಟುಹೋದವು. ಬೇರೆ ನಕಲು ಇರಲಿಲ್ಲ. ತಮ್ಮೂರಿನ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಮೊದಲೇ ಒಂದು ಪ್ರತಿ ದಾಖಲು ಮಾಡಿಸಿದ್ದವರು ಬಚಾವಾದರು. ನ್ಯೂಯಾರ್ಕಿನಲ್ಲಿ ಈಗಲೂ ಈ ದಾಖಲಾತಿಗೆ ಶುಲ್ಕವಿಲ್ಲ.

ನಮ್ಮಲ್ಲಿ ಈ ಕೆಲಸ ನಗರಸಭೆಗಿಂತ ಜಿಲ್ಲಾ ಮಟ್ಟದಲ್ಲಿ ನಡೆಯುತ್ತದೆ. ಕರ್ನಾಟಕದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗಳೇ ದಿಕ್ಕು. ಮಾಜಿ ಸೈನಿಕರ ಗುರುತಿನ ಚೀಟಿಯೂ ಅಲ್ಲಿಂದಲೇ. ನಿಮ್ಮ ಮನೆಯಲ್ಲಿ ಸೇನೆಯಿಂದ ಬಂದ ತಂದೆಯೋ ಮಾವನೋ ಇದ್ದರೆ ಅವರ ಡಿಸ್ಚಾರ್ಜ್ ಪುಸ್ತಕ ಟ್ರಂಕಿನ ತಳದಲ್ಲಿದೆಯೇ ಎಂದು ಇವತ್ತೇ ನೋಡಿ. ನಾಲ್ಕು ಜೆರಾಕ್ಸ್ ಮಾಡಿಸಿ, ಹೆಂಡತಿ ಮಕ್ಕಳ ಹೆಸರು ದಾಖಲೆಯಲ್ಲಿ ಸರಿಯಾಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.